ತಾನೇ ಎಚ್ಚರಗೊಳ್ಳುವ ಯಂತ್ರ

ಕಳೆದ ಬೇಸಿಗೆಯಲ್ಲಿ ಸುರಪುರದಲ್ಲಿರುವ ಅಕ್ಕನ ಮನೆಯಲ್ಲಿ ನಾಲ್ಕು ದಿನ ಉಳಿಯುವ ಅವಕಾಶ ಒದಗಿತ್ತು. ಒಂದು ಸಂಜೆ ಏಳರ ಸುಮಾರಿಗೆ ಹೋದ ವಿದ್ಯುತ್ತು ಎಂಟೂಕಾಲಿಗೆ ಮರಳಿತು. ಮರಳಿದೊಡನೆ ಯಂತ್ರಗಳೆಲ್ಲ ಒಂದರ ಹಿಂದೊಂದು ಎಚ್ಚರಗೊಂಡವು. ಮೊದಲು ಫ್ಯಾನು, ಆಮೇಲೆ ಗುಂಯ್ ಎನ್ನುತ್ತ ಫ್ರಿಜ್ಜು, ಅಷ್ಟರಲ್ಲಿ ಊರ ಹೊರಗಿನ ಹೊಲದ ಕಡೆಯಿಂದ ಯಾರದೋ ಪಂಪ್‌ಸೆಟ್ಟಿನ ಸದ್ದು. ಕೊನೆಗೆ, ಸುಮಾರು ಅರ್ಧ ನಿಮಿಷದ ಬಳಿಕ, ಪಡಸಾಲೆಯ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಪರದೆ ಬೆಳಗಿತು. ಸುರಂಗ ತೋಡುವ ಒಬ್ಬ ಪುಟ್ಟ ಮನುಷ್ಯನ ಚಿತ್ರ ಅದರ ಮೇಲೆ ಮೂಡಿತು.

ಶೇಂಗಾ ಸುಲಿಯುತ್ತ ಕುಳಿತಿದ್ದ ಅಕ್ಕನ ಅತ್ತೆ ಕೇಳಿದರು: “ಅದನ್ನ ಯಾರ್ ಹಚ್ಚಿದ್ರು?”

“ಯಾರೂ ಹಚ್ಚಿಲ್ಲಬೇ, ತಾನೇ ಹತ್ಯಾದ” ಎಂದ ಮೊಮ್ಮಗ, ಪೆಟ್ಟಿಗೆಯ ಕಡೆಗೆ ಓಡುತ್ತ.

ಆ ಪೆಟ್ಟಿಗೆಯನ್ನು ಜೋಡಿಸಿಕೊಟ್ಟವನು ನಾನೇ. ಆದ್ದರಿಂದ ಅಜ್ಜಿಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಹೊಣೆಯೂ ನನ್ನದೇ ಎನಿಸಿತು. ಯಂತ್ರವೊಂದು ಯಾರೂ ಮುಟ್ಟದೆ ತನ್ನ ಕೆಲಸ ಆರಂಭಿಸುವುದು ಈಗ ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದರ ಹಿಂದೆ ಒಂದು ಇತಿಹಾಸವಿದೆಯೆಂಬುದನ್ನೇ ನಾವು ಮರೆತಿದ್ದೇವೆ. ಆ ಇತಿಹಾಸ ಅಮೆರಿಕ, ಇಂಗ್ಲೆಂಡುಗಳ ಪ್ರಯೋಗಶಾಲೆಗಳಲ್ಲಿ ಮಾತ್ರ ನಡೆದದ್ದೂ ಅಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಹೊಲಗಳಲ್ಲಿಯೂ ಅದರ ಒಂದು ಅಧ್ಯಾಯವಿದೆ.

ಮೊದಲು ಪೆಟ್ಟಿಗೆಯ ಬಗ್ಗೆ ಹೇಳಿಬಿಡುತ್ತೇನೆ. ಅದರೊಳಗೆ ಇರುವುದು ಅಂಗೈಯಗಲದ ಒಂದು ಗಣಕ, ಒಂದು ಹಳೆಯ ಟಿ.ವಿ. ಪರದೆ, ಒಂದು ಹಿಡಿಕೋಲು ಮತ್ತು ಆರು ಗುಂಡಿಗಳು. ಕೀಲಿಮಣೆಯಿಲ್ಲ, ಮೌಸ್ ಇಲ್ಲ. ಹಿಂದೆ ಪೇಟೆಗಳ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಿಂತು ಆಡುತ್ತಿದ್ದ ದೊಡ್ಡ ಯಂತ್ರಗಳ ಮನೆಯ ರೂಪ ಇದು. ಕೀಲಿಮಣೆಯಿಲ್ಲದ ಗಣಕಕ್ಕೆ ಯಾರೂ ಏನನ್ನೂ ಹೇಳುವಂತಿಲ್ಲ. ವಿದ್ಯುತ್ತು ಬಂದ ಕ್ಷಣದಿಂದ ಆಟದ ಚಿತ್ರ ಮೂಡುವವರೆಗಿನ ದಾರಿಯನ್ನು ಅದು ಒಂಟಿಯಾಗಿಯೇ ನಡೆಯಬೇಕು.

ಈ ದಾರಿ ಫ್ಯಾನಿಗಿಲ್ಲ. ವಿದ್ಯುತ್ತು ಹರಿದರೆ ಫ್ಯಾನು ತಿರುಗುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಗಣಕದ ಪಾಡು ಬೇರೆ. ಚಾಲನೆಗೊಳ್ಳುವುದು ಒಂದು, ಚಾಲನೆಗೊಂಡ ಮೇಲೆ ಏನು ಮಾಡಬೇಕೆಂದು ತಿಳಿಯುವುದು ಇನ್ನೊಂದು. ಅದರ ಸ್ಮೃತಿ ವಿದ್ಯುತ್ತು ಹೋದೊಡನೆ ಖಾಲಿಯಾಗುತ್ತದೆ. ಮತ್ತೆ ಎದ್ದಾಗ ಮಾಡಬೇಕಾದ ಕೆಲಸದ ವಿವರ ಹೊರಗಡೆ, ಕಾರ್ಡಿನಲ್ಲೋ ಟೇಪಿನಲ್ಲೋ ಡಿಸ್ಕಿನಲ್ಲೋ ಇರುತ್ತದೆ. ಅದನ್ನು ಓದಿಕೊಳ್ಳಬೇಕು. ಆದರೆ ಓದುವುದು ಹೇಗೆಂದು ಹೇಳುವುದೂ ಒಂದು ಕಾರ್ಯಕ್ರಮವೇ, ಅದೂ ಹೊರಗೇ ಇದೆ! ನಮ್ಮ ಅಡುಗೆಮನೆಗಳಲ್ಲಿ ಈ ಒಗಟು ಎಲ್ಲರಿಗೂ ಗೊತ್ತು. ಹಾಲು ಮೊಸರಾಗಲು ಹೆಪ್ಪು ಬೇಕು. ಹೆಪ್ಪು ಎಂದರೆ ಮೊಸರೇ. ಒಂದು ಚಮಚೆ ಮೊಸರು ಎಲ್ಲಿಂದಲಾದರೂ ಬರಲೇಬೇಕು.

1946ರಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್ ಗಣಕದಲ್ಲಿ ಈ ಹೆಪ್ಪು ಹಾಕುವ ಕೆಲಸ ಪೂರ್ತಿಯಾಗಿ ಮನುಷ್ಯರದ್ದಾಗಿತ್ತು. ಹೊಸ ಲೆಕ್ಕ ಮಾಡಿಸಬೇಕಾದರೆ ತಂತಿಗಳನ್ನು ಕಿತ್ತು ಬೇರೆಡೆ ಸಿಕ್ಕಿಸಿ, ಸ್ವಿಚ್ಚುಗಳನ್ನು ತಿರುಗಿಸಬೇಕಿತ್ತು. ಅದಕ್ಕೆ ದಿನಗಳೇ ಹಿಡಿಯುತ್ತಿದ್ದವು. 1952ರಲ್ಲಿ ಪ್ರಕಟವಾದ ಐಬಿಎಂ 701 ಯಂತ್ರದಲ್ಲಿ ‘ಲೋಡ್’ ಎಂಬ ಒಂದು ಗುಂಡಿ ಕಾಣಿಸಿಕೊಂಡಿತು. ಅದನ್ನು ಒತ್ತಿದರೆ ಯಂತ್ರ ರಂಧ್ರದ ಕಾರ್ಡಿನಿಂದಲೋ ಟೇಪಿನಿಂದಲೋ 36 ಬಿಟ್‌ಗಳ ಒಂದೇ ಒಂದು ಪದವನ್ನು ಸ್ಮೃತಿಗೆ ತಂದುಕೊಳ್ಳುತ್ತಿತ್ತು. ಅದರ ಅರ್ಧಭಾಗ ಒಂದು ಆಜ್ಞೆ. ಸಾಮಾನ್ಯವಾಗಿ ಆ ಆಜ್ಞೆ ಹೇಳುತ್ತಿದ್ದುದು ಇಷ್ಟೇ: ಇನ್ನಷ್ಟು ಓದು. ಓದಿದ್ದು ಮತ್ತಷ್ಟು ಓದಿಸುತ್ತಿತ್ತು. ಹೀಗೆ ಒಂದು ಚಮಚೆಯಿಂದ ಪಾತ್ರೆ ತುಂಬ ಮೊಸರು. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸವನ್ನು ಹೇಳುವ ಇಂಗ್ಲಿಷ್ ನಾಣ್ನುಡಿಯಿಂದ ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂತು. ಕನ್ನಡದಲ್ಲಿ ‘ಹೆಪ್ಪು’ ಎಂದಿದ್ದರೆ ನಮ್ಮ ತಾಯಂದಿರಿಗೂ ಥಟ್ಟನೆ ತಿಳಿಯುತ್ತಿತ್ತು.

ವಿಚಿತ್ರವೆಂದರೆ, ಅಂಗಡಿಯ ಆಟದ ಯಂತ್ರಗಳಿಗೆ ಮೊದಲಿನಿಂದಲೂ ಈ ತೊಡಕು ಇರಲೇ ಇಲ್ಲ. 1971ರ ‘ಕಂಪ್ಯೂಟರ್ ಸ್ಪೇಸ್’, 1972ರಲ್ಲಿ ಅಟಾರಿ ಕಂಪನಿ ತಂದ ‘ಪಾಂಗ್’ ಎರಡರಲ್ಲಿಯೂ ಕಾರ್ಯಕ್ರಮವೆಂಬುದೇ ಇರಲಿಲ್ಲ. ಚೆಂಡು ಪುಟಿಯುವುದು, ಅಂಕ ಏರುವುದು ಎಲ್ಲವನ್ನೂ ತರ್ಕಮಂಡಲಗಳ ಜೋಡಣೆಯಲ್ಲಿಯೇ ಕಟ್ಟಲಾಗಿತ್ತು. ಫ್ಯಾನಿನಂತೆಯೇ: ವಿದ್ಯುತ್ತು ಕೊಟ್ಟರೆ ಆಟ, ತೆಗೆದರೆ ಕತ್ತಲು. 1975ರ ‘ಗನ್ ಫೈಟ್’ ಆಟದೊಂದಿಗೆ ಇಂಟೆಲ್‌ನ 8080 ಎಂಬ ಸೂಕ್ಷ್ಮ ಸಂಸ್ಕಾರಕ ಈ ಯಂತ್ರಗಳೊಳಗೆ ಬಂತು. ಆಗ ಕಾರ್ಯಕ್ರಮವೂ ಬಂತು. ಆದರೆ ಅದನ್ನು ಅಳಿಸಲಾಗದ ಚಿಪ್ಪುಗಳಲ್ಲಿ ಕೊರೆದಿಡಲಾಗಿತ್ತು. ಜಗತ್ತಿನ ಮಕ್ಕಳ ಚಿಲ್ಲರೆಯನ್ನೆಲ್ಲ ನುಂಗಿದ 1980ರ ‘ಪ್ಯಾಕ್‌ಮ್ಯಾನ್’ ಆಟದ ಇಡೀ ಕಾರ್ಯಕ್ರಮ ಕೇವಲ 16 ಕಿಲೋಬೈಟುಗಳಷ್ಟು. ಈ ಲೇಖನವನ್ನು ಗಣಕದಲ್ಲಿ ಉಳಿಸಿಡಲು ಅದಕ್ಕಿಂತ ಹೆಚ್ಚು ಜಾಗ ಬೇಕಾಗಿದೆ! ಸ್ವಿಚ್ಚು ಹಾಕಿದೊಡನೆ ಅದು ತನ್ನ ಸ್ಮೃತಿಯನ್ನು ತಾನೇ ಪರೀಕ್ಷಿಸಿಕೊಂಡು, ಕ್ಷಣಕಾಲ ಅಸ್ತವ್ಯಸ್ತ ಅಕ್ಷರಗಳನ್ನು ತೋರಿಸಿ, ಆಮೇಲೆ ಯಾರೂ ಇಲ್ಲದಿದ್ದರೂ ತನ್ನಷ್ಟಕ್ಕೆ ತಾನೇ ಆಡತೊಡಗುತ್ತಿತ್ತು. ದಾರಿಹೋಕರನ್ನು ಸೆಳೆಯಲು ಹೂಡಿದ ಉಪಾಯ ಅದು.

1990ರ ದಶಕದ ಮೊದಲಲ್ಲಿ, ಯಾದಗಿರಿಯ ಬಳಿಯ ಮೈಲಾಪುರ ಜಾತ್ರೆಯಲ್ಲಿ, ಒಂದು ಡೇರೆಯೊಳಗೆ ಇಂಥ ಯಂತ್ರವನ್ನು ನಾನು ಮೊದಲು ನೋಡಿದೆ. ಜನರೇಟರು ಕೆಮ್ಮಿದಾಗಲೆಲ್ಲ ಚಿತ್ರ ಸತ್ತು ಮತ್ತೆ ಹುಟ್ಟುತ್ತಿತ್ತು. ಡೇರೆಯವನು ಬೀಡಿ ಸೇದುತ್ತ ಹೊರಗೆ ಕುಳಿತೇ ಇರುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಬರುವ ಅಗತ್ಯವೇ ಇರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ.

ಮನೆಬಳಕೆಯ ಗಣಕಗಳ ಕಥೆ ಇದಕ್ಕೆ ತದ್ವಿರುದ್ಧವಾಗಿ ಸಾಗಿತು. 1975ರ ಜನವರಿಯಲ್ಲಿ ಒಂದು ಅಮೆರಿಕನ್ ಪತ್ರಿಕೆಯ ಮುಖಪುಟದಲ್ಲಿ ಬಂದ ಆಲ್ಟೇರ್ 8800 ಯಂತ್ರಕ್ಕೆ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಎದುರು ಮುಖದಲ್ಲಿ ಸಾಲು ಸ್ವಿಚ್ಚುಗಳಿದ್ದವು. ಅವುಗಳನ್ನು ಮೇಲೆ ಕೆಳಗೆ ಮಾಡುತ್ತ ಹೆಪ್ಪಿನ ಕಾರ್ಯಕ್ರಮವನ್ನು ಕೈಯಿಂದಲೇ ಒಳಗಿಳಿಸಬೇಕಿತ್ತು. ಒಂದು ಬೈಟು ತಪ್ಪಿದರೆ ಮತ್ತೆ ಮೊದಲಿನಿಂದ. ವಿದ್ಯುತ್ತು ಹೋದರಂತೂ ಹೇಳುವುದೇ ಬೇಡ.

1977ರ ಆಪಲ್ 2 ಯಂತ್ರ ಇಷ್ಟು ಕ್ರೂರವಾಗಿರಲಿಲ್ಲ. ಆದರೂ ಸ್ವಿಚ್ಚು ಹಾಕಿದ ಮೇಲೆ ‘ರೀಸೆಟ್’ ಕೀಲಿಯನ್ನು ಒತ್ತಬೇಕಿತ್ತು. ಆಗ ಪರದೆಯ ಮೇಲೆ ಒಂದು ನಕ್ಷತ್ರಚಿಹ್ನೆ ಮೂಡಿ, ಇನ್ನು ನೀವು ಹೇಳಿ ಎಂಬಂತೆ ಕಾಯುತ್ತಿತ್ತು. ಡಿಸ್ಕಿನಿಂದ ಕಾರ್ಯಕ್ರಮ ತರಿಸಲು ಒಂದು ಅಂಕಿಯನ್ನೂ ಒಂದು ಗುಪ್ತಾಕ್ಷರವನ್ನೂ ಒತ್ತಬೇಕು. ಗೊತ್ತಿದ್ದವರಿಗೆ ಸುಲಭ, ಗೊತ್ತಿಲ್ಲದವರಿಗೆ ಗೋಡೆ. 1979ರಲ್ಲಿ ಬಂದ ಆಪಲ್ 2 ಪ್ಲಸ್ ಮಾದರಿಯಲ್ಲಿ ಕಂಪನಿ ಹೊಸದೊಂದು ಚಿಪ್ಪನ್ನು ಇರಿಸಿತು; ಅದರ ಹೆಸರೇ ‘ಆಟೋಸ್ಟಾರ್ಟ್ ರಾಮ್’. ಅದು ವಿದ್ಯುತ್ತು ಬಂದೊಡನೆ ಯಂತ್ರದೊಳಗಿನ ಖಾನೆಗಳನ್ನು ಏಳನೆಯದರಿಂದ ಕೆಳಕ್ಕೆ ಒಂದೊಂದಾಗಿ ತಡವಿ ನೋಡಿ, ಡಿಸ್ಕಿನ ಯಂತ್ರಭಾಗ ಸಿಕ್ಕ ಕಡೆಯಿಂದ ತಾನೇ ಓದತೊಡಗುತ್ತಿತ್ತು. ಡಿಸ್ಕು ಹಾಕಿ ಸ್ವಿಚ್ಚು ಒತ್ತಿದರೆ ಸಾಕು, ಆಟ ಸಿದ್ಧ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಸೌಲಭ್ಯಕ್ಕೆ ತೆತ್ತ ಬೆಲೆಯನ್ನು ಹೆಚ್ಚಿನವರು ಹೇಳುವುದಿಲ್ಲ. ಹಳೆಯ ಚಿಪ್ಪಿನಲ್ಲಿ ಕಾರ್ಯಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ ಒಳಗೆ ಏನಾಗುತ್ತಿದೆಯೆಂದು ನೋಡುವ ಎರಡು ಆಜ್ಞೆಗಳಿದ್ದವು. ಹೊಸ ಚಿಪ್ಪಿನಲ್ಲಿ ಅವನ್ನು ತೆಗೆದುಹಾಕಲಾಯಿತು. ಅಷ್ಟೇ ಅಲ್ಲ, ರೀಸೆಟ್ ಒತ್ತಿದಾಗ ಏನಾಗಬೇಕೆಂಬುದನ್ನು ಇನ್ನುಮುಂದೆ ಕಾರ್ಯಕ್ರಮವೇ ನಿರ್ಧರಿಸಬಹುದಾಗಿತ್ತು. ಆಟ ತಯಾರಿಸುವವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಹುಡುಗನೊಬ್ಬ ಆಟದ ನಡುವೆ ರೀಸೆಟ್ ಒತ್ತಿ ಒಳಗೆ ಇಣುಕಲು ಹೊರಟರೆ ಆಟ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಇಣುಕಲೇಬೇಕೆಂದು ಹಟ ಹಿಡಿದ ಹವ್ಯಾಸಿಗಳು ಹೊಸ ಚಿಪ್ಪನ್ನು ಕಿತ್ತು ಹಳೆಯದನ್ನೇ ಮತ್ತೆ ಕೂರಿಸಿಕೊಂಡದ್ದುಂಟು. ಯಂತ್ರ ತಾನೇ ಏಳಲು ಕಲಿತಾಗ ಹೊರಗಿನವರಿಗೆ ಒಂದು ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಒಳಗೆ ಹೋಗುವ ಇನ್ನೊಂದು ಬಾಗಿಲು ಮುಚ್ಚಿತು.

ಕಿರುತೆರೆಯವನಾದ ನನಗೆ ಹತ್ತಿರವಾದ ಇನ್ನೊಂದು ಪ್ರಸಂಗವಿದೆ. 1982ರ ಜನವರಿಯಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆ ಗಣಕಗಳ ಬಗ್ಗೆ ಜನಸಾಮಾನ್ಯರಿಗೆ ತಿಳಿಹೇಳುವ ಟಿ.ವಿ. ಸರಣಿಯೊಂದನ್ನು ಆರಂಭಿಸಿತು. ಅದಕ್ಕಾಗಿಯೇ ಏಕಾರ್ನ್ ಎಂಬ ಕೇಂಬ್ರಿಜ್ಜಿನ ಕಂಪನಿಯಿಂದ ಒಂದು ಗಣಕವನ್ನೂ ಮಾಡಿಸಿ ‘ಬಿಬಿಸಿ ಮೈಕ್ರೋ’ ಎಂಬ ಹೆಸರಿಟ್ಟಿತು. ಈ ಯಂತ್ರದಲ್ಲಿ ಎರಡೂ ಬಾಗಿಲುಗಳಿದ್ದವು. ಸುಮ್ಮನೆ ಸ್ವಿಚ್ಚು ಹಾಕಿದರೆ ಬೇಸಿಕ್ ಭಾಷೆಯ ಸಂಜ್ಞೆ ಮಿಣುಗುತ್ತ, ಬರೆಯಿರಿ ಎಂದು ಆಹ್ವಾನಿಸುತ್ತಿತ್ತು. ‘ಶಿಫ್ಟ್’ ಕೀಲಿಯನ್ನು ಹಿಡಿದು ‘ಬ್ರೇಕ್’ ಒತ್ತಿದರೆ ಡಿಸ್ಕಿನಲ್ಲಿರುವ ಕಾರ್ಯಕ್ರಮ ತಾನೇ ಶುರುವಾಗುತ್ತಿತ್ತು. ಭಾರತದ ಶಾಲೆಗಳಿಗೆ ಗಣಕ ಕಾಲಿಟ್ಟದ್ದು ಇದೇ ಯಂತ್ರದ ಮೂಲಕ. 1984ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಎನ್‌ಸಿಇಆರ್‌ಟಿ ಸೇರಿ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಮೊದಲ ಹಂತಕ್ಕೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಕೊಡಲಾಯಿತು.

ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ಗುಂಡಿ ಒತ್ತುವವರು ಯಾರು ಎಂಬ ಪ್ರಶ್ನೆ ಅದಕ್ಕೂ ಮೊದಲೇ ಎದ್ದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗವನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ಬರುತ್ತಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಯಾದಗಿರಿ ಜಿಲ್ಲೆ ರೂಪುಗೊಂಡದ್ದು 2009ರ ಕೊನೆಯಲ್ಲಿ. ಆಗ ಈ ಮೂರೂ ತಾಲ್ಲೂಕುಗಳು ಗುಲ್ಬರ್ಗಾಕ್ಕೆ ಸೇರಿದ್ದವು. ಕೋಳಿಬಲೆಯಂಥ ಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಟಿ.ವಿ. ಪೆಟ್ಟಿಗೆ, ಅದನ್ನು ನೋಡಿಕೊಳ್ಳಲು ಊರಲ್ಲೊಬ್ಬ ಮೇಲ್ವಿಚಾರಕ, ಬಹುಮಟ್ಟಿಗೆ ಶಾಲೆಯ ಮಾಸ್ತರರು. ಮಕ್ಕಳಿಗೆ ಬೆಳಿಗ್ಗೆ, ಊರವರಿಗೆ ಸಂಜೆ. ಹದಿನಾಲ್ಕು ತಿಂಗಳ ಮುಂಚೆ ಉಡಾವಣೆಗೊಂಡ ಉಪಗ್ರಹ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸರಿಯಾದ ಹೊತ್ತಿಗೆ ಸಿದ್ಧವಾಗಿರುತ್ತಿತ್ತು. ಕೊನೆಯ ಮೂರು ಅಡಿಯ ದೂರಕ್ಕೆ ಮಾತ್ರ ಮಾಸ್ತರರ ಕೈ ಬೇಕಿತ್ತು. ಅವರು ಯಾದಗಿರಿಯ ಸಂತೆಗೆ ಹೋಗಿ ಬಸ್ಸು ತಪ್ಪಿಸಿಕೊಂಡರೆ ಅಂದಿನ ಕಾರ್ಯಕ್ರಮ ಆಕಾಶದಲ್ಲಿಯೇ ಉಳಿಯುತ್ತಿತ್ತು ಎಂದು ಊಹಿಸಲು ಹೆಚ್ಚು ಕಲ್ಪನಾಶಕ್ತಿ ಬೇಡ. ಈ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು.

ಮುಂದಿನ ಕಥೆ ಬೇಗ ಹೇಳಬಹುದು. 1980ರ ದಶಕದ ಡಾಸ್ ಯಂತ್ರಗಳಲ್ಲಿ ‘ಆಟೋಎಕ್ಸೆಕ್’ ಎಂಬ ಒಂದು ಕಡತವಿರುತ್ತಿತ್ತು; ಅದರಲ್ಲಿ ಬರೆದ ಸಾಲುಗಳನ್ನು ಗಣಕ ಎದ್ದ ಕೂಡಲೇ ತಪ್ಪದೆ ಪಾಲಿಸುತ್ತಿತ್ತು. ಗಣಕ ತರಬೇತಿ ಅಂಗಡಿಗಳ ಹುಡುಗರು ಅದರ ಕೊನೆಯ ಸಾಲಿಗೆ ಆಟದ ಹೆಸರು ಸೇರಿಸಿ ಮಾಸ್ತರರನ್ನು ಬೇಸ್ತು ಬೀಳಿಸಿದ ಕಥೆಗಳು ಎಲ್ಲ ಊರುಗಳಲ್ಲಿಯೂ ಇವೆ. 1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬುವರು ‘ಮೇಮ್’ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಹಳೆಯ ಆಟದ ಯಂತ್ರಗಳ ಚಿಪ್ಪುಗಳು ಹೇಗೆ ನಡೆದುಕೊಳ್ಳುತ್ತಿದ್ದವೋ ಹಾಗೆಯೇ ನಡೆದುಕೊಳ್ಳುವ, ಒಂದು ಬಗೆಯ ಬಹುರೂಪಿ ಅದು. ಮನೆಯ ಗಣಕವೇ ಅಂಗಡಿಯ ಯಂತ್ರದ ವೇಷ ಹಾಕುವುದು ಇದರಿಂದ ಸಾಧ್ಯವಾಯಿತು.

2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದ ‘ರಾಸ್‌ಬೆರಿ ಪೈ’ ಎಂಬ ಅಂಗೈಯಗಲದ ಗಣಕವೇ ಅಕ್ಕನ ಮನೆಯ ಪೆಟ್ಟಿಗೆಯೊಳಗಿರುವುದು. ಇದರ ಹುಟ್ಟಿನ ಹಿಂದಿನ ಕಾರಣ ಕೇಳಿದರೆ ನೀವು ನಗಬಹುದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಎಬೆನ್ ಅಪ್ಟನ್ ಮತ್ತು ಸಂಗಡಿಗರು, ಗಣಕವಿಜ್ಞಾನ ಓದಲು ಬರುವ ಹುಡುಗರಿಗೆ ಮೊದಲಿನವರಷ್ಟು ಕಾರ್ಯಕ್ರಮ ಬರೆದ ಅನುಭವವಿಲ್ಲವೆಂಬುದನ್ನು ಗಮನಿಸಿದರು. ಹಿಂದೆ ಸ್ವಿಚ್ಚು ಹಾಕಿದರೆ ಬೇಸಿಕ್‌ನ ಸಂಜ್ಞೆ ಎದುರಾಗುತ್ತಿತ್ತು, ಆಟ ಆಡುವುದಕ್ಕೂ ಒಂದೆರಡು ಸಾಲು ಬರೆಯಬೇಕಿತ್ತು. ಆಟದ ಪೆಟ್ಟಿಗೆಗಳೂ ಸಿದ್ಧ ತಂತ್ರಾಂಶಗಳೂ ಬಂದ ಮೇಲೆ ಆ ಪರದೆ ಮಾಯವಾಗಿತ್ತು. ಅದನ್ನು ಮಕ್ಕಳಿಗೆ ಮರಳಿ ಕೊಡಲೆಂದು ಅಗ್ಗದ ಗಣಕ ತಯಾರಾಯಿತು. ಮಾದರಿಗಳಿಗೆ ಬಿಬಿಸಿ ಮೈಕ್ರೋದಂತೆಯೇ ಎ ಮತ್ತು ಬಿ ಎಂದು ಹೆಸರಿಟ್ಟರು. ಅದೇ ಗಣಕವನ್ನು ಕೊಂಡು ಜಗತ್ತಿನಾದ್ಯಂತ ಹವ್ಯಾಸಿಗಳು ಮೊದಲು ಮಾಡಿದ ಕೆಲಸಗಳಲ್ಲೊಂದು, ಆ ಪರದೆಯನ್ನು ಅಡಗಿಸಿ ನೇರವಾಗಿ ಆಟ ತೋರಿಸುವ ಪೆಟ್ಟಿಗೆ ಕಟ್ಟಿದ್ದು. ನಾನೂ ಅದನ್ನೇ ಮಾಡಿದೆ.

ಅದನ್ನು ಹೇಗೆ ಮಾಡಿದೆನೆಂದು ಕೇಳುವವರಿಗಾಗಿ ಸಂಕ್ಷೇಪದಲ್ಲಿ ಹೇಳುತ್ತೇನೆ. ಮಾಮೂಲಿ ಗಣಕವನ್ನು ಬಳಸುವವರು ಅದರ ಬಯಾಸ್ ಎಂಬ ಮೂಲವ್ಯವಸ್ಥೆಯೊಳಗೆ ಹೋಗಿ, ವಿದ್ಯುತ್ತು ಹೋಗಿ ಬಂದಾಗ ತಾನೇ ಚಾಲನೆಗೊಳ್ಳಬೇಕೆಂಬ ಆಯ್ಕೆಯನ್ನು ಗುರುತಿಸಬೇಕು. ಇಲ್ಲವಾದರೆ ಸ್ವಿಚ್ಚು ಒತ್ತುವವರೆಗೆ ಅದು ಶಹಾಪುರದ ಬೆಟ್ಟದ ಬುದ್ಧನಂತೆ ಮಲಗಿಯೇ ಇರುತ್ತದೆ. ರಾಸ್‌ಬೆರಿ ಪೈಗೆ ಆ ಗೊಡವೆಯಿಲ್ಲ, ವಿದ್ಯುತ್ತು ತಾಗಿದರೆ ಎಚ್ಚರ. ಅದರಲ್ಲಿ ಮೊದಲು ಏಳುವುದು ಚಿತ್ರ ಬಿಡಿಸುವ ಸಂಸ್ಕಾರಕ. ಅದು ಮೆಮೊರಿ ಕಾರ್ಡಿನಿಂದ ಲಿನಕ್ಸ್ ವ್ಯವಸ್ಥೆಯ ತಿರುಳನ್ನು ಓದಿಟ್ಟು, ಆಮೇಲೆ ಮುಖ್ಯ ಸಂಸ್ಕಾರಕವನ್ನು ತಟ್ಟಿ ಎಬ್ಬಿಸುತ್ತದೆ. ವ್ಯವಸ್ಥೆ ಎದ್ದು, ಬಳಕೆದಾರನ ಹೆಸರನ್ನು ಯಾರನ್ನೂ ಕೇಳದೆ ಒಳಗೆ ಬಂದು, ‘ರೆಟ್ರೋಪೈ’ ಎಂಬ ತಂತ್ರಾಂಶದ ಆರಂಭದ ಕಡತವನ್ನು ಓದುತ್ತದೆ. ಆ ಕಡತದ ಮೊದಲ ಸಾಲಿನಲ್ಲಿ ನಾನು ಆಟದ ಹೆಸರನ್ನು ಬರೆದಿದ್ದೇನೆ. ಎರಡನೆಯ ಸಾಲಿನಲ್ಲಿ, ಆಟದಿಂದ ಹೊರಬಂದರೆ ಆಟಗಳ ಪಟ್ಟಿಯನ್ನು ತೋರಿಸೆಂದಿದ್ದೇನೆ. ಅಷ್ಟೇ ಕೆಲಸ. ಆಟ ‘ರಾಬಿ ರೋಟೋ’, 1981ರದ್ದು. ಹಳೆಯ ಆಟಗಳಿಗೂ ಹಕ್ಕುದಾರರಿದ್ದಾರೆ, ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವಂತಿಲ್ಲ. ಇದನ್ನು ಮಾತ್ರ ಅದರ ಕರ್ತೃವೇ ಲಾಭದ ಉದ್ದೇಶವಿಲ್ಲದ ಬಳಕೆಗೆ ಬಿಟ್ಟುಕೊಟ್ಟಿರುವುದರಿಂದ ಮೇಮ್ ತಂಡದ ಜಾಲತಾಣದಲ್ಲಿಯೇ ಸಿಗುತ್ತದೆ.

ಮೊದಲ ತಿಂಗಳು ಎಲ್ಲ ಸುಗಮವಾಗಿತ್ತು. ಆಮೇಲೆ ಒಂದು ದಿನ ಪೆಟ್ಟಿಗೆ ಏಳಲಿಲ್ಲವೆಂದು ಫೋನು ಬಂತು. ತಪ್ಪು ನನ್ನದೇ. ಏಳುವುದನ್ನು ಕಲಿಸಿದ್ದೆ, ಹಠಾತ್ತನೆ ಬೀಳುವುದನ್ನು ಕಲಿಸಿರಲಿಲ್ಲ. ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಬರಹ ಅರ್ಧಕ್ಕೆ ನಿಂತು ಇಡೀ ಕಡತವ್ಯವಸ್ಥೆ ಕೆಡಬಹುದು. ಅಳಿಸಲಾಗದ ಚಿಪ್ಪಿನ ಜಾತ್ರೆಯ ಯಂತ್ರಕ್ಕೆ ಈ ಭಯವಿರಲಿಲ್ಲ. ಪರಿಹಾರವೆಂದರೆ ಕಾರ್ಡಿನ ಮೇಲೆ ಬರೆಯುವುದನ್ನೇ ನಿಷೇಧಿಸಿ, ಬರೆಯಬೇಕಾದದ್ದನ್ನೆಲ್ಲ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸುವುದು. ಹಾಗೆ ಮಾಡಿದೆ. ಅಂದಿನಿಂದ ಪೆಟ್ಟಿಗೆ ಒಮ್ಮೆಯೂ ಕೆಟ್ಟಿಲ್ಲ, ಆದರೆ ವಿದ್ಯುತ್ತು ಹೋದಾಗಲೆಲ್ಲ ಅಳಿಯ ಗಳಿಸಿದ ಅಂಕಗಳೂ ಅಳಿಸಿಹೋಗುತ್ತವೆ. ಪ್ಯಾಕ್‌ಮ್ಯಾನ್ ಯಂತ್ರವೂ ಹೀಗೆಯೇ ಪ್ರತಿ ರಾತ್ರಿ ಎಲ್ಲ ಮರೆಯುತ್ತಿತ್ತು ಎಂದು ಹೇಳಿದರೆ ಅವನಿಗೇನೂ ಸಮಾಧಾನವಾಗಲಿಲ್ಲ.

ಇನ್ನು ಹೊಲದ ಅಧ್ಯಾಯ. ಕೊಳವೆಬಾವಿಯ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನೋಡಿ. ಹಸಿರು ಗುಂಡಿ ಒತ್ತಿದರೆ ಸಂಪರ್ಕ ಕೂಡಿಕೊಳ್ಳುತ್ತದೆ. ಕೂಡಿಕೊಂಡದ್ದನ್ನು ಹಿಡಿದಿಡುವುದು ಒಂದು ವಿದ್ಯುತ್ಕಾಂತದ ಸುರುಳಿ. ವಿದ್ಯುತ್ತು ಹೋದಾಗ ಆ ಕಾಂತ ಸತ್ತು, ಸ್ಪ್ರಿಂಗು ಸಂಪರ್ಕವನ್ನು ಬಿಡಿಸುತ್ತದೆ. ಮತ್ತೆ ವಿದ್ಯುತ್ತು ಬಂದರೂ ಮೋಟಾರು ತಿರುಗುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಇಟ್ಟ ರಕ್ಷಣೆ. ವಿದ್ಯುತ್ತಿಲ್ಲದ ಹೊತ್ತಿನಲ್ಲಿ ರೈತ ಮೋಟಾರಿಗೆ ಕೈಹಾಕಿರಬಹುದಲ್ಲ! ಯಂತ್ರ ಮತ್ತೆ ಶುರುವಾಗಬೇಕಾದರೆ ಒಬ್ಬ ಮನುಷ್ಯ ಬಂದು, ನೋಡಿ, ಒತ್ತಬೇಕು.

ಆದರೆ ಮೂರು ಫೇಸಿನ ವಿದ್ಯುತ್ತು ಹೊಲಗಳಿಗೆ ದಿನಕ್ಕೆ ಕೆಲವೇ ತಾಸು, ಅದೂ ಎಷ್ಟೋ ಸಲ ನಡುರಾತ್ರಿಯಲ್ಲಿ ಬರುತ್ತದೆ. ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ಹೊಲಕ್ಕೆ ನಡೆದು ಹೋಗಿ, ಹಸಿರು ಗುಂಡಿ ಒತ್ತಿ, ಹತ್ತು ನಿಮಿಷಕ್ಕೆ ವಿದ್ಯುತ್ತು ಹೋದರೆ ಅಲ್ಲಿಯೇ ಕಾಯುತ್ತ ಕೂಡಬೇಕು. ಇದನ್ನು ಅನುಭವಿಸಿದವರಿಗೆ ‘ಆಟೋ ಸ್ಟಾರ್ಟರ್’ ಎಂಬ ಸಣ್ಣ ಪೆಟ್ಟಿಗೆ ದೇವರಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ವಿದ್ಯುತ್ತು ಬಂದ ಕೆಲವು ಸೆಕೆಂಡುಗಳ ಮೇಲೆ ಅದು ರೈತನ ಬದಲು ತಾನೇ ಗುಂಡಿ ಒತ್ತುತ್ತದೆ. ಆದರೆ ಮೋಟಾರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ಇಪ್ಪತ್ತು ಮೋಟಾರುಗಳು ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರು ತಾಳಲಾರದು. ನೀರಿನ ಲೆಕ್ಕ ಬೇರೆ: ಒಡೆಯ ಮಲಗಿದ್ದಾನೆ, ಮಡಿ ತುಂಬಿದೆ, ಮೋಟಾರು ತಿರುಗುತ್ತಲೇ ಇದೆ. ಗಡಿಯಾಚೆಯ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ ದಿನದ 24 ತಾಸೂ ವಿದ್ಯುತ್ತು ಕೊಡಲು ಆರಂಭಿಸಿದಾಗ, ಅಲ್ಲಿನ ಸರ್ಕಾರ ರೈತರಿಗೆ ಆಟೋ ಸ್ಟಾರ್ಟರ್‌ಗಳನ್ನು ತೆಗೆದುಹಾಕಲು ಮನವಿ ಮಾಡಬೇಕಾಯಿತು. ಅಂತರ್ಜಲ ಬರಿದಾಗುವ ಭಯ. ಈಗ ಕೆಲವರು ಮನೆಯಿಂದಲೇ ಮೊಬೈಲಿನಲ್ಲಿ ಮೋಟಾರು ಹಚ್ಚುವ ಪೆಟ್ಟಿಗೆ ಹಾಕಿಸಿದ್ದಾರೆ. ನಡುರಾತ್ರಿಯ ನಡಿಗೆ ತಪ್ಪಿತು, ಒತ್ತುವ ಕೈ ಮನುಷ್ಯನದಾಗಿಯೇ ಉಳಿಯಿತು. ನನಗೆ ಈ ಏರ್ಪಾಡು ಹೆಚ್ಚು ಹಿಡಿಸಿತು.

ಹಾಗಾದರೆ ಅಕ್ಕನ ಮನೆಯ ಪೆಟ್ಟಿಗೆ ಯಾವ ಜಾತಿಯದಾಗಬೇಕು? ಇಂಗ್ಲಿಷ್ ಅಕ್ಷರಗಳ ಪರದೆ ತೋರಿಸಿ ಕಾಯುವ ಯಂತ್ರ ನಮ್ಮ ಕಡೆ ಎಷ್ಟು ಜನರ ಉಪಯೋಗಕ್ಕೆ ಬಂದೀತು ಎಂಬುದನ್ನು ಮರೆಯುವಂತಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 52ರ ಆಸುಪಾಸು, ರಾಜ್ಯದಲ್ಲಿಯೇ ಕಡಿಮೆ. ಅಕ್ಕನ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವರು ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಸುರಂಗ ತೋಡುತ್ತಾರೆಂಬ ಗುಟ್ಟು ನನಗೆ ಆಮೇಲೆ ತಿಳಿಯಿತು. ಸೈಟ್ ಕಾಲದ ಪೆಟ್ಟಿಗೆಯಂತೆ ಬೇರೊಬ್ಬರು ಬಂದು ಹಚ್ಚಿಕೊಡಲಿ ಎಂದು ಅವರು ಕಾಯಬೇಕಿಲ್ಲ. ಇದು ಸಣ್ಣ ಮಾತೆಂದು ನಾನು ತಿಳಿಯುವುದಿಲ್ಲ.

ಆದರೆ ಹನ್ನೊಂದು ವರ್ಷದ ಅಳಿಯನ ಪ್ರಶ್ನೆ ಬೇರೆ. ಅಂಕಗಳು ಅಳಿಸಿಹೋಗುವುದು ಏಕೆ, ಅವು ಎಲ್ಲಿರುತ್ತವೆ, ಆಟ ಬರುವ ಮುಂಚೆ ಅರ್ಧ ನಿಮಿಷ ಪೆಟ್ಟಿಗೆ ಏನು ಮಾಡುತ್ತಿರುತ್ತದೆ? ಆ ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಹರಿಯುವ ಸಾಲುಗಳನ್ನು ಅಂದಗೆಡದಿರಲೆಂದು ನಾನೇ ಅಡಗಿಸಿದ್ದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಆ ಮರೆಯನ್ನು ತೆಗೆದುಹಾಕಿದೆ. ಯಾವ ಭಾಗ ಎದ್ದಿತು, ಯಾವುದು ಏಳುತ್ತಿದೆ ಎಂದು ಈಗ ಪೆಟ್ಟಿಗೆ ಸಾಲು ಸಾಲಾಗಿ ವರದಿ ಒಪ್ಪಿಸಿದ ಮೇಲೆಯೇ ಆಟ ಬರುತ್ತದೆ. ಅಜ್ಜಿಯ ದಾರಿಗೆ ಇದರಿಂದ ಅಡ್ಡಿಯಿಲ್ಲ.

ಆಮೇಲೆ ನನ್ನ ಹಳೆಯ ಕೀಲಿಮಣೆಯೊಂದನ್ನು ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಆಟದಿಂದ ಹೊರಗೆ ಬಂದು, ಪಟ್ಟಿ ಬಂದಾಗ ಎಫ್4 ಒತ್ತು ಎಂದೆ. ಒತ್ತಿದ. ಬಣ್ಣಗಳೆಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಒಂದು ಬಿಳಿ ಚುಕ್ಕಿಗೀಟು ಮಿಣುಗತೊಡಗಿತು.

ಒಳಗಿನಿಂದ ಬಂದ ಅಜ್ಜಿ, “ಕೆಡಿಸಿದ್ರೇನು?” ಎಂದರು.

“ಇಲ್ಲಬೇ, ತಡಿ” ಎಂದವನೇ ಹುಡುಗ ನನ್ನ ಕಡೆ ತಿರುಗಿದ. “ಮಾಮಾ, ಇಲ್ಲಿ ಏನ್ ಬರೀಬೇಕು?”